ಗಂಡಾಂತರಕ್ಕೆ ಬೆಲೆ ಕಟ್ಟುವ ಶಾಸ್ತ್ರ ಮತ್ತು ಬೈಲಹೊಂಗಲ ಸೀಮೆಯ ಹತ್ತಿ

ಹೆಚ್ಚು ಗಂಡಾಂತರವನ್ನು ಹೊತ್ತವನಿಗೆ ಹೆಚ್ಚು ಪ್ರತಿಫಲವು ದೊರೆಯುವುದೆಂಬ ಮಾತು ವಾಣಿಜ್ಯಶಾಸ್ತ್ರದ ಪಠ್ಯಗ್ರಂಥಗಳಲ್ಲಿ ಇಂದು ಸೂತ್ರದ ಸ್ಥಾನವನ್ನು ಪಡೆದಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ಪರೀಕ್ಷೆಗಾಗಿ ಓದುವುದಲ್ಲದೆ, ಕೈಯೊಳಗಿನ ಮೊಬೈಲಿನಿಂದ ಶೇರುಗಳನ್ನು ಕೊಳ್ಳುವಾಗಲೂ ಇದನ್ನೇ ಪ್ರಮಾಣವೆಂದು ನಂಬುತ್ತಾರೆ. ಸೂತ್ರವು ಅರ್ಥಶಾಸ್ತ್ರಜ್ಞರದು, ಇತಿಹಾಸದ ಅಧ್ಯಾಪಕರಿಗೆ ಇದರಲ್ಲಿ ಕೈಹಾಕುವ ಅಧಿಕಾರವೇನು ಎಂದು ಯಾರಾದರೂ ಕೇಳಬಹುದು. ಶೇರುಗಳ ಪ್ರತಿಫಲವನ್ನು ಕುರಿತ ಈ ಶಾಸ್ತ್ರವು ತನ್ನ ಆಧಾರಗಳನ್ನೆಲ್ಲ ಗತಕಾಲದ ಬೆಲೆಗಳಿಂದಲೇ ಪಡೆಯುತ್ತದೆ. ಗತಕಾಲವನ್ನು ಸಾಕ್ಷಿಗೆ ಕರೆದವರು ಆ ಸಾಕ್ಷಿಯ ಮಾತನ್ನು ಪೂರ್ತಿಯಾಗಿ ಕೇಳಲು ಸಿದ್ಧರಿರಬೇಕು. ನಮ್ಮ ಅಧಿಕಾರವು ಇಷ್ಟರ ಮಟ್ಟಿನದು.

ಅಂಥದೊಂದು ಸಾಕ್ಷ್ಯವು ನಮ್ಮ ಸಮೀಪದಲ್ಲಿಯೇ ಇದೆ. ಅಮೆರಿಕದ ಅಂತರ್ಯುದ್ಧವು ನಡೆದ 1861ರಿಂದ 1865ರ ವರೆಗಿನ ವರ್ಷಗಳಲ್ಲಿ ಹತ್ತಿಯ ಬೆಲೆಯು ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ಆ ಹಣದ ಬಲದಿಂದ ಮುಂಬಯಿಯಲ್ಲಿ ಶೇರುಗಳ ಮಹಾಸಟ್ಟಾ ಹುಟ್ಟಿತು. 1865ರಲ್ಲಿ ಅದು ಕುಸಿಯಿತು. ಈ ಕಥೆಯನ್ನು ಹೇಳಿದವರು ಹೆಚ್ಚಾಗಿ ಮುಂಬಯಿಯ ಕೋಟೆಯೊಳಗೆ ನಿಂತು ಹೇಳಿದ್ದಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನೆಲದ ಮೇಲೆ ನಿಂತು ಅದನ್ನು ನೋಡಿದರೆ ಸೂತ್ರವು ಎಲ್ಲಿ ಸಡಿಲವಾಗಿದೆಯೆಂಬುದು ಕಣ್ಣಿಗೆ ಬೀಳುತ್ತದೆ. ಪ್ರಸ್ತುತ ಲೇಖನದ ಉದ್ದೇಶವು ಇದೇ.

ಮೊದಲು ಶಾಸ್ತ್ರದ ವಾದವನ್ನು ನ್ಯಾಯವಾಗಿ ಮಂಡಿಸಬೇಕು. 1921ರಲ್ಲಿ ಫ್ರ್ಯಾಂಕ್ ನೈಟ್ ಎಂಬ ಅಮೆರಿಕನ್ ವಿದ್ವಾಂಸನು ಗಂಡಾಂತರಕ್ಕೂ ಅನಿಶ್ಚಿತತೆಗೂ ಭೇದವನ್ನು ಕಲ್ಪಿಸಿದನು. ದಾಳವನ್ನು ಎಸೆದಾಗ ಯಾವ ಮುಖ ಬೀಳುವುದೋ ತಿಳಿಯದು, ಆದರೆ ಬೀಳುವ ಸಂಭವವೆಷ್ಟೆಂಬುದು ತಿಳಿದಿದೆ, ಇದು ಗಂಡಾಂತರ. ಸಂಭವವನ್ನೇ ಎಣಿಸಲಾಗದ ಸ್ಥಿತಿಯು ಅನಿಶ್ಚಿತತೆ. ಮೊದಲನೆಯದಕ್ಕೆ ವಿಮೆಯುಂಟು, ಎರಡನೆಯದಕ್ಕಿಲ್ಲ. ಉದ್ಯಮಿಯ ಲಾಭವು ಹುಟ್ಟುವುದು ಈ ಎರಡನೆಯದರಿಂದಲೇ ಎಂಬುದು ನೈಟನ ಸಿದ್ಧಾಂತ. ಅದೇ ವರ್ಷ ಕೇನ್ಸನ ಸಂಭಾವ್ಯತೆಯ ಗ್ರಂಥವೂ ಪ್ರಕಟವಾಗಿ, ಎಲ್ಲ ಸಂಭವಗಳನ್ನೂ ಅಂಕಿಯಲ್ಲಿ ಹೇಳಲಾಗದೆಂಬ ವಾದವನ್ನು ಮುಂದಿಟ್ಟಿತು.

ಮುಂದಿನ ತಲೆಮಾರಿನವರು ಈ ಭೇದವನ್ನು ಬದಿಗಿಟ್ಟರು. ಲೆಕ್ಕಕ್ಕೆ ಸಿಕ್ಕುವ ಗಂಡಾಂತರವನ್ನೇ ಹಿಡಿದು ಮುಂದುವರಿಯುವುದು ಅವರಿಗೆ ಅನುಕೂಲವಾಗಿತ್ತು. 1952ರಲ್ಲಿ ಮಾರ್ಕೊವಿಟ್ಜನು, ಒಂದು ಶೇರಿನ ಏರಿಳಿತವನ್ನು ಒಂಟಿಯಾಗಿ ನೋಡಬಾರದು, ಕೈಯಲ್ಲಿರುವ ಉಳಿದ ಶೇರುಗಳೊಡನೆ ಕೂಡಿಸಿ ನೋಡಬೇಕೆಂದು ತೋರಿಸಿದನು. 1964ರಲ್ಲಿ ಶಾರ್ಪನೂ 1965ರಲ್ಲಿ ಲಿಂಟ್ನರನೂ ಇದರ ಮೇಲೆ ಬೆಲೆಯ ಸಿದ್ಧಾಂತವೊಂದನ್ನು ಕಟ್ಟಿದರು. ಅದರ ಪ್ರಕಾರ ಗಂಡಾಂತರವು ಎರಡು ಬಗೆ. ಒಂದೊಂದು ಕಂಪನಿಗೆ ಪ್ರತ್ಯೇಕವಾಗಿ ಒದಗುವುದು ವ್ಯಷ್ಟಿ ಗಂಡಾಂತರ. ಬಂಡವಾಳವನ್ನು ಹಲವೆಡೆ ಹಂಚಿದವನಿಗೆ ಅದು ತಾನಾಗಿಯೇ ಕರಗುವುದರಿಂದ ಪೇಟೆಯು ಅದಕ್ಕೆ ಏನನ್ನೂ ಕೊಡುವುದಿಲ್ಲ. ಇಡಿಯ ಪೇಟೆಯನ್ನು ಅಲುಗಿಸುವುದು ಸಮಷ್ಟಿ ಗಂಡಾಂತರ. ಅದರಿಂದ ಯಾರಿಗೂ ಬಿಡುಗಡೆಯಿಲ್ಲವಾದುದರಿಂದ ಅದನ್ನು ಹೊತ್ತವನಿಗೆ ಪ್ರತಿಫಲ ಸಲ್ಲಬೇಕು. ಪೇಟೆ ಅಲುಗಿದಾಗ ಒಂದು ಶೇರು ಎಷ್ಟು ಅಲುಗುವುದೆಂಬ ಅಳತೆಗೆ ಬೀಟಾ ಎಂಬ ಗ್ರೀಕ್ ಅಕ್ಷರದ ಹೆಸರು ಬಂದಿತು. 1976ರಲ್ಲಿ ರಾಸನು ಅಳತೆಯು ಒಂದೇ ಆಗಬೇಕಿಲ್ಲ, ಹಲವು ಕಾರಣಗಳಿರಬಹುದೆಂದನು. 1990ರ ದಶಕದಲ್ಲಿ ಫಾಮಾ ಮತ್ತು ಫ್ರೆಂಚ್ ಎಂಬ ಇಬ್ಬರು, ಕಂಪನಿಯ ಗಾತ್ರ ಮತ್ತು ಅದರ ಪುಸ್ತಕದ ಬೆಲೆಗೂ ಪೇಟೆಯ ಬೆಲೆಗೂ ಇರುವ ಪ್ರಮಾಣ ಎಂಬೆರಡು ಕಾರಣಗಳನ್ನು ಸೇರಿಸಿದರು. ಅಂದಿನಿಂದ ಈ ಪಟ್ಟಿಯು ಬೆಳೆಯುತ್ತಲೇ ಇದೆ. ಪಟ್ಟಿಯು ಬೆಳೆದಷ್ಟೂ ವಿವರಣೆಯು ಬೆಳೆಯಿತೆಂದು ಹೇಳಲು ನಮಗೆ ಧೈರ್ಯವಿಲ್ಲ.

ಈ ಶಾಸ್ತ್ರದಲ್ಲಿ ಬೆಲೆಗೂ ಪ್ರತಿಫಲಕ್ಕೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳು ಹಲವು ವೇಳೆ ತಲೆಕೆಳಗಾಗಿ ತಿಳಿಯುವುದುಂಟು. ಗಂಡಾಂತರ ಹೆಚ್ಚಾದರೆ ಇಂದಿನ ಬೆಲೆಯು ಇಳಿಯಬೇಕು; ಅಗ್ಗವಾಗಿ ಕೊಂಡುದರಿಂದಲೇ ನಾಳೆಯ ಪ್ರತಿಫಲವು ಹೆಚ್ಚೆಂದು ನಿರೀಕ್ಷೆ. ಈ ಅಂಶವು ಮುಂದಿನ ವಿಚಾರಕ್ಕೆ ಬೇಕಾಗುತ್ತದೆ.

ಇನ್ನು ನೆಲಕ್ಕೆ ಇಳಿಯೋಣ. ಆ ಕಾಲದಲ್ಲಿ ಬೈಲಹೊಂಗಲವು ಸಂಪಗಾವಿ ತಾಲೂಕಿಗೂ ಸವದತ್ತಿಯು ಪರಸಗಡ ತಾಲೂಕಿಗೂ ಸೇರಿ ಬೆಳಗಾವಿ ಜಿಲ್ಲೆಯಲ್ಲಿದ್ದವು. ಕಿತ್ತೂರಿನ ದೇಸಗತಿಯು 1824ರ ಯುದ್ಧದ ತರುವಾಯ ಅಳಿದು ಕಂಪನಿಯ ಕೈಸೇರಿತ್ತು. ರಾಮದುರ್ಗವು ಭಾವೆ ಮನೆತನದ ಸಂಸ್ಥಾನ. 1858ರಲ್ಲಿ ನರಗುಂದವು ಮುಟ್ಟುಗೋಲಾದರೂ ರಾಮದುರ್ಗವು ಉಳಿದು 1948ರ ವರೆಗೆ ನಡೆಯಿತು. ಈ ನಾಲ್ಕು ಊರುಗಳು ಒಂದೇ ಸೀಮೆಯೆಂದು ನಾವು ಹೇಳುತ್ತೇವಾದರೂ ಮಳೆಯ ದೃಷ್ಟಿಯಿಂದ ಅವು ಒಂದಲ್ಲ. ಕಿತ್ತೂರು ಮಲೆನಾಡಿನ ಸೆರಗು, ಅಲ್ಲಿ ಭತ್ತವೂ ಬೆಳೆಯುವುದು. ಬೈಲಹೊಂಗಲದಿಂದ ಸವದತ್ತಿಯ ಕಡೆಗೆ ನಡೆದಂತೆ ಎರೆಯ ಹೊಲಗಳು ಹಬ್ಬುತ್ತವೆ. ರಾಮದುರ್ಗಕ್ಕೆ ಬರುವಷ್ಟರಲ್ಲಿ ಮಳೆಯನ್ನು ನಂಬುವಂತಿಲ್ಲ. ಮಲಪ್ರಭೆಯು ಮಗ್ಗುಲಲ್ಲಿಯೇ ಹರಿಯುತ್ತಿದ್ದರೂ ನವಿಲುತೀರ್ಥದ ಅಣೆಕಟ್ಟು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಕಾರ್ಯ. ಅಂದಿನ ಒಕ್ಕಲಿಗನಿಗೆ ಆ ನೀರಿನ ಆಸರೆಯಿರಲಿಲ್ಲ.

ಇಲ್ಲಿಯ ಹತ್ತಿಯು ಕುಮಟೆಯ ಬಂದರಿನ ಹೆಸರಿನಿಂದ ಮುಂಬಯಿಯಲ್ಲಿಯೂ ಲಿವರ್‌ಪೂಲಿನಲ್ಲಿಯೂ ಪ್ರಸಿದ್ಧವಾಗಿತ್ತು. ಬೆಳೆದ ಊರಿನ ಹೆಸರು ಅಳಿದು, ಹಡಗು ಹತ್ತಿದ ಊರಿನ ಹೆಸರು ಉಳಿದುದು ಗಮನಿಸತಕ್ಕ ಸಂಗತಿ. ಮುಂಗಾರು ಹಿಂಜರಿಯುವ ವೇಳೆಗೆ ಬಿತ್ತಿ, ಬೇಸಗೆಯಲ್ಲಿ ಬಿಡಿಸುವ ಬೆಳೆಯಿದು. ಬಿಡಿಸಿದ ಹತ್ತಿಯನ್ನು ಚಕ್ಕಡಿಗಳಲ್ಲಿ ಹೇರಿ, ಘಟ್ಟವಿಳಿಸಿ, ಕುಮಟೆ ಇಲ್ಲವೆ ವೆಂಗುರ್ಲೆಯಿಂದ ದೋಣಿಯಲ್ಲಿ ಮುಂಬಯಿಗೆ ಸಾಗಿಸಬೇಕು. ಮಳೆಗಾಲದ ಮೊದಲ ಗಾಳಿ ಬೀಸಿದೊಡನೆ ಕಡಲ ದಾರಿಯು ಮುಚ್ಚುತ್ತಿತ್ತು. ಈ ಭಾಗಕ್ಕೆ ರೈಲು ಬಂದುದು 1880ರ ದಶಕದಲ್ಲಿ. ಅದೂ ಬೆಳಗಾವಿ, ಧಾರವಾಡಗಳ ಮೂಲಕ ಹಾಯ್ದುಹೋಯಿತೇ ಹೊರತು ನಾವು ಹೇಳುತ್ತಿರುವ ಊರುಗಳನ್ನು ಮುಟ್ಟಲಿಲ್ಲ. ಆದುದರಿಂದ ಬಿಡಿಸುವಿಕೆಗೂ ಮಳೆಗಾಲಕ್ಕೂ ನಡುವೆ ಮಾರಾಟಕ್ಕೆ ದೊರೆಯುತ್ತಿದ್ದ ಅವಧಿಯು ಕೆಲವೇ ವಾರಗಳು. ಬೆಲೆ ಇಳಿದಾಗ ಕಾದು ಮಾರುವ ಸ್ವಾತಂತ್ರ್ಯವು ಉಗ್ರಾಣವುಳ್ಳವನಿಗೆ ಉಂಟು. ಮುಂಗಡವನ್ನು ತಿಂದು ಕುಳಿತ ಒಕ್ಕಲಿಗನಿಗಿಲ್ಲ.

1861ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ಯುದ್ಧ ಆರಂಭವಾಗಿ ದಕ್ಷಿಣದ ಬಂದರುಗಳಿಗೆ ಉತ್ತರದ ನೌಕಾಪಡೆಯು ದಿಗ್ಬಂಧನ ಹಾಕಿತು. ಲ್ಯಾಂಕಶೈರಿನ ಗಿರಣಿಗಳು ಹತ್ತಿಯಿಲ್ಲದೆ ನಿಂತವು. ಲಿವರ್‌ಪೂಲಿನಲ್ಲಿ ಅಮೆರಿಕದ ಸಾಧಾರಣ ಹತ್ತಿಯ ಸರಾಸರಿ ಬೆಲೆಯು 1860ರಲ್ಲಿ ಪೌಂಡಿಗೆ ಸುಮಾರು 6 ಪೆನ್ಸ್ ಇದ್ದುದು 1864ರಲ್ಲಿ ಸುಮಾರು 27 ಪೆನ್ಸಿಗೆ ಏರಿತು. ಹಿಂದುಸ್ಥಾನದ ಹತ್ತಿಯು ದರ್ಜೆಯಲ್ಲಿ ಕೆಳಗಿದ್ದರೂ ಅದೇ ಏಣಿಯನ್ನು ಹತ್ತಿತು. ಮ್ಯಾಂಚೆಸ್ಟರಿನ ವ್ಯಾಪಾರಿಗಳ ಒತ್ತಾಯದ ಫಲವಾಗಿ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರದ ಬಂದರು ಮತ್ತು ಘಟ್ಟದ ರಸ್ತೆಗಳು ಧಾರವಾಡ ಬೆಳಗಾವಿಗಳ ಹತ್ತಿಗೆ ನೆರವಾಗಲೆಂಬುದು ಹಂಚಿಕೆ. ಜಿಲ್ಲೆಯ ಗಡಿಯೇ ಹತ್ತಿಯ ಬೆಲೆಗೆ ಸರಿದುನಿಂತ ಉದಾಹರಣೆಯಿದು.

ಮುಂಬಯಿಗೆ ಹರಿದು ಬಂದ ಹಣವು ಶೇರುಗಳ ಕಡೆಗೆ ತಿರುಗಿತು. ಬ್ಯಾಂಕುಗಳು, ಹಣಕಾಸಿನ ಮಂಡಳಿಗಳು, ಸಮುದ್ರವನ್ನು ಹೂಳಿ ನೆಲಮಾಡುವ ಕಂಪನಿಗಳು ಒಂದರ ಹಿಂದೊಂದು ಹುಟ್ಟಿದವು. ಬ್ಯಾಕ್‌ಬೇ ಕಂಪನಿಯ 5,000 ರೂಪಾಯಿ ತುಂಬಿದ ಶೇರು 50,000 ರೂಪಾಯಿಯನ್ನು ಮುಟ್ಟಿತು. ಪ್ರೇಮಚಂದ ರಾಯಚಂದನೆಂಬ ದಲಾಲನ ಮಾತಿಗೆ ಬ್ಯಾಂಕುಗಳ ತಿಜೋರಿಗಳು ತೆರೆಯುತ್ತಿದ್ದವು. ಶೇರುಗಳನ್ನೇ ಒತ್ತೆಯಿಟ್ಟು ಸಾಲ ಪಡೆದು, ಆ ಸಾಲದಿಂದ ಮತ್ತೆ ಶೇರು ಕೊಳ್ಳುವುದು ರೂಢಿಯಾಯಿತು. 1865ರ ಏಪ್ರಿಲಿನಲ್ಲಿ ಯುದ್ಧ ಮುಗಿಯಿತು. ವಾಯದೆಯ ವ್ಯವಹಾರಗಳು ತೀರಬೇಕಾಗಿದ್ದ ಜುಲೈ 1ರಂದು ತೀರಿಸತಕ್ಕವರ ಕೈಯಲ್ಲಿ ಹಣವಿರಲಿಲ್ಲ. 2,850 ರೂಪಾಯಿಯನ್ನು ಮುಟ್ಟಿದ್ದ ಮುಂಬಯಿ ಬ್ಯಾಂಕಿನ ಶೇರು 87 ರೂಪಾಯಿಗೆ ಇಳಿಯಿತು.

ದಿನಶಾ ವಾಚ್ಛಾ ಅವರು 1910ರಲ್ಲಿ ಪ್ರಕಟಿಸಿದ ಮುಂಬಯಿಯ ಹಣಕಾಸಿನ ಇತಿಹಾಸವು ಈ ಘಟನೆಯನ್ನು ಕುರಿತ ಪ್ರಸಿದ್ಧ ಗ್ರಂಥ. ಆ ವರ್ಷಗಳಲ್ಲಿ ಅವರು ಇಪ್ಪತ್ತರ ತರುಣರು. ಕಣ್ಣಾರೆ ಕಂಡವರ ಬರವಣಿಗೆಯ ಬಿಸುಪು ಅದರಲ್ಲಿದೆ. ಆದರೆ ಅವರ ದೃಷ್ಟಿಯಲ್ಲಿ ಇದು ಮುಖ್ಯವಾಗಿ ಜನರ ದುರಾಶೆಯ ಕಥೆ, ಊರಿಗೆ ಊರೇ ಹುಚ್ಚಾದ ಕಥೆ. ಹುಚ್ಚು ಎಂಬ ಮಾತು ಇತಿಹಾಸದಲ್ಲಿ ಏನನ್ನೂ ವಿವರಿಸುವುದಿಲ್ಲವೆಂದು ನಮ್ಮ ಮತ. ಹಾಗೆಂದು ಶಾರ್ಪನ ಶಿಷ್ಯರ ಬಳಿಗೆ ಹೋದರೆ ಅವರಿಂದಲೂ ಸಮಾಧಾನ ದೊರೆಯದು.

1864ರ ಜೂನಿನಲ್ಲಿ ಮುಂಬಯಿಯಲ್ಲಿ ಒಬ್ಬ ಪಂಡಿತನಿದ್ದನೆಂದೂ ಇಂದಿನ ಗಣಿತವೆಲ್ಲ ಅವನಿಗೆ ಗೊತ್ತಿತ್ತೆಂದೂ ಊಹಿಸಿಕೊಳ್ಳೋಣ. ಹಿಂದಿನ ಮೂರು ವರ್ಷಗಳ ಬೆಲೆಗಳನ್ನು ಹರಡಿಕೊಂಡು ಅವನು ಶೇರುಗಳ ಗಂಡಾಂತರವನ್ನು ಲೆಕ್ಕಹಾಕುತ್ತಾನೆ. ಅವನ ಮುಂದಿರುವುದು ಏರುತ್ತಲೇ ಬಂದ ಬೆಲೆಗಳ ಸಾಲು. ಯುದ್ಧ ಮುಗಿದರೆ ಏನಾಗುವುದೆಂಬ ಒಂದು ಸಂಗತಿಯೇ ಎಲ್ಲವನ್ನೂ ನಿರ್ಧರಿಸತಕ್ಕದ್ದು. ಆ ಸಂಗತಿಯಾದರೋ ಆ ಮೂರು ವರ್ಷಗಳಲ್ಲಿ ಒಮ್ಮೆಯೂ ನಡೆದಿಲ್ಲ, ಆದುದರಿಂದ ಅಂಕಿಗಳಲ್ಲಿ ಅದರ ಗುರುತೇ ಇಲ್ಲ. ಗಂಡಾಂತರವು ಅತಿ ಹೆಚ್ಚಾಗಿದ್ದ ಗಳಿಗೆಯಲ್ಲಿಯೇ ಅಳತೆಗೋಲು ಅದನ್ನು ಅಲ್ಪವೆಂದು ತೋರಿಸುತ್ತದೆ. ಶಾಸ್ತ್ರದ ಪ್ರಕಾರ ಅನಿಶ್ಚಿತತೆಯು ಬೆಲೆಯನ್ನು ತಗ್ಗಿಸಬೇಕಾಗಿತ್ತು. ಇಲ್ಲಿ ಅನಿಶ್ಚಿತತೆಯೂ ಬೆಲೆಯೂ ಜೊತೆಜೊತೆಯಾಗಿ ಏರಿದವು.

ಇದಕ್ಕೆ ಶಾಸ್ತ್ರಿಗಳ ಉತ್ತರ ಸಿದ್ಧವಾಗಿದೆ. ಸಿದ್ಧಾಂತವು ಹೇಳುವುದು ನಿರೀಕ್ಷಿತ ಪ್ರತಿಫಲವನ್ನು ಕುರಿತು, ಕೈಗೆ ಬಂದ ಪ್ರತಿಫಲವನ್ನು ಕುರಿತಲ್ಲ ಎನ್ನುತ್ತಾರೆ. ಸರಿ, ಆದರೆ ನಿರೀಕ್ಷೆಯು ಕಣ್ಣಿಗೆ ಕಾಣುವ ವಸ್ತುವಲ್ಲ, ಅದನ್ನು ಅಳೆಯಲು ಅವರೇ ಬಳಸುವುದು ಹಿಂದೆ ಕೈಗೆ ಬಂದ ಪ್ರತಿಫಲಗಳ ಸರಾಸರಿಯನ್ನು. ಗೆದ್ದಾಗ ಸರಾಸರಿಯು ಸಾಕ್ಷಿ, ಸೋತಾಗ ಸರಾಸರಿಯು ಸಾಕ್ಷಿಯಲ್ಲವೆಂದರೆ ಅಂಥ ವಾದವನ್ನು ಯಾವ ನ್ಯಾಯಾಲಯವೂ ಒಪ್ಪದು. ಪೇಟೆಯೆಂದರೆ ಎಲ್ಲ ಬಗೆಯ ಸಂಪತ್ತೂ ಸೇರಿದ ಮೊತ್ತವಾದುದರಿಂದ ಅದನ್ನು ಯಾರೂ ಕಾಣಲಾರರು, ಆದುದರಿಂದ ಸಿದ್ಧಾಂತವನ್ನು ಪರೀಕ್ಷಿಸಲೂ ಆಗದೆಂದು 1977ರಲ್ಲಿ ರೋಲ್ ಎಂಬ ವಿದ್ವಾಂಸನು ಆಕ್ಷೇಪಿಸಿದ್ದನ್ನು ಇಲ್ಲಿ ನೆನೆಯಬಹುದು. ಬೈಲಹೊಂಗಲದ ಎರೆಹೊಲವು ಆ ಮೊತ್ತದಲ್ಲಿ ಎಂದಾದರೂ ಸೇರಿತ್ತೇ?

ಆದರೂ ಶಾಸ್ತ್ರಕ್ಕೆ ಸಲ್ಲಬೇಕಾದುದನ್ನು ಸಲ್ಲಿಸದಿರುವುದು ವಿಮರ್ಶೆಗೆ ಶೋಭೆಯಲ್ಲ. ಪೇಟೆಯು ಸಂಪೂರ್ಣ ಕುರುಡಾಗಿತ್ತೆಂದು ಹೇಳಲಾಗದು. 1864ರ ಶರತ್ಕಾಲದಲ್ಲಿ ಅಮೆರಿಕದಲ್ಲಿ ಸಂಧಿಯಾಗುವುದೆಂಬ ವದಂತಿಯು ಹಬ್ಬಿದಾಗ, ಯುದ್ಧವು ಇನ್ನೂ ನಡೆದಿರುವಾಗಲೇ, ಲಿವರ್‌ಪೂಲಿನಲ್ಲಿ ಹತ್ತಿಯ ಬೆಲೆಯು ತೀವ್ರವಾಗಿ ಕುಸಿಯಿತು. ಅಮೆರಿಕದ ದಕ್ಷಿಣದವರು 1863ರ ಮಾರ್ಚಿನಲ್ಲಿ ಯೂರೋಪಿನ ನಗರಗಳಲ್ಲಿ ಎತ್ತಿದ 30 ಲಕ್ಷ ಪೌಂಡಿನ ಸಾಲಪತ್ರಗಳ ಕಥೆಯೂ ಹೀಗೆಯೇ. ಆ ಪತ್ರಗಳನ್ನು ಪೌಂಡಿಗೆ 6 ಪೆನ್ಸಿನಂತೆ ಹತ್ತಿಯಾಗಿ ಬದಲಾಯಿಸಿಕೊಳ್ಳಬಹುದಾಗಿತ್ತು. ಅದೇ ಜುಲೈನಲ್ಲಿ ಗೆಟಿಸ್‌ಬರ್ಗ್ ಮತ್ತು ವಿಕ್ಸ್‌ಬರ್ಗುಗಳಲ್ಲಿ ದಕ್ಷಿಣವು ಸೋತ ಸುದ್ದಿ ಬಂದಾಗ ಅವುಗಳ ಬೆಲೆಯು ಬಿದ್ದುಹೋಯಿತು. ರಣರಂಗದ ಸುದ್ದಿಯನ್ನು ಪೇಟೆಯು ಅಂಕಿಯಾಗಿ ಬರೆದುಕೊಳ್ಳುತ್ತಿತ್ತು. ಅಪರೂಪದ ಮಹಾವಿಪತ್ತುಗಳ ಭಯವು ಬೆಲೆಯಲ್ಲಿ ಅಡಗಿರುತ್ತದೆಂದು 1988ರಲ್ಲಿ ರೀಟ್ಸನೂ 2006ರಲ್ಲಿ ಬ್ಯಾರೊ ಎಂಬವನೂ ಮಾಡಿದ ತಿದ್ದುಪಡಿಗಳು ಈ ದೃಷ್ಟಿಯಿಂದ ಬೆಲೆಯುಳ್ಳವು. ಮೂರು ವರ್ಷದ ಅಂಕಿಗಳಲ್ಲಿ ಕಾಣದ ವಿಪತ್ತನ್ನು ಅವರು ಲೆಕ್ಕದೊಳಗೆ ತರಲು ಯತ್ನಿಸಿದ್ದಾರೆ. 2016ರಲ್ಲಿ ಬೇಕರ್, ಬ್ಲೂಮ್, ಡೇವಿಸ್ ಎಂಬ ಮೂವರು ವರ್ತಮಾನಪತ್ರಿಕೆಗಳಲ್ಲಿ ಅನಿಶ್ಚಿತತೆಯ ಮಾತು ಎಷ್ಟು ಸಲ ಬರುವುದೆಂದು ಎಣಿಸಿ ಒಂದು ಸೂಚ್ಯಂಕವನ್ನೇ ರಚಿಸಿದರು. ಪತ್ರಿಕೆಗಳಿರುವಲ್ಲಿ ಇದು ಚೆನ್ನಾದ ಉಪಾಯ.

ನಮ್ಮ ಮುಖ್ಯ ಆಕ್ಷೇಪವು ಬೇರೆಡೆಯಲ್ಲಿದೆ. ವ್ಯಷ್ಟಿ ಗಂಡಾಂತರಕ್ಕೆ ಪ್ರತಿಫಲವಿಲ್ಲ, ಏಕೆಂದರೆ ಅದನ್ನು ಹಂಚಿ ಕರಗಿಸಬಹುದು ಎಂಬುದು ಈ ಶಾಸ್ತ್ರದ ಹೃದಯ. ಕರಗಿಸಬಲ್ಲವನು ಯಾರು? ಮುಂಬಯಿಯ ವರ್ತಕನಿಗೆ ಪರಸಗಡದ ಮಳೆ ತಪ್ಪಿದರೆ ಖಾನದೇಶದ ಹತ್ತಿಯುಂಟು, ವರ್ಹಾಡದ ಹತ್ತಿಯುಂಟು, ಸುರತಿಯದುಂಟು. ಅವನ ಲೆಕ್ಕದಲ್ಲಿ ಸವದತ್ತಿಯ ಬರವು ವ್ಯಷ್ಟಿ ಗಂಡಾಂತರ, ಹೊಸೆದ ಹಗ್ಗದಲ್ಲಿ ಒಂದು ಎಳೆ. ಸವದತ್ತಿಯ ಒಕ್ಕಲಿಗನಿಗೆ ಅದೇ ಬರವು ಸಮಷ್ಟಿ. ಅವನಿಗೆ ಅದರಾಚೆಗೆ ಪೇಟೆಯೇ ಇಲ್ಲ. ಒಂದೇ ಸಂಗತಿಯು ಇಬ್ಬರಲ್ಲಿ ಎರಡಾಗಿರುವಾಗ ಬೆಲೆಯು ಒಬ್ಬನ ಲೆಕ್ಕವನ್ನಷ್ಟೇ ಕೇಳುತ್ತದೆ. ಹಂಚಿಕೊಳ್ಳಬಲ್ಲವನೇ ಬೆಲೆಯನ್ನು ಕಟ್ಟುತ್ತಾನೆ. ಹಂಚಿಕೊಳ್ಳಲಾರದವನು ಆ ಬೆಲೆಗೆ ಮಾರುತ್ತಾನೆ. ಹೀಗಿರುವಲ್ಲಿ, ಹೆಚ್ಚು ಗಂಡಾಂತರವನ್ನು ಹೊತ್ತವನಿಗೆ ಹೆಚ್ಚು ಪ್ರತಿಫಲವೆಂಬ ಸೂತ್ರಕ್ಕೆ ಒಂದು ಉಪಾಧಿಯನ್ನು ಸೇರಿಸಲೇಬೇಕಾಗುತ್ತದೆ: ಹೊರದಿರಲು ಸ್ವಾತಂತ್ರ್ಯವಿದ್ದೂ ಹೊತ್ತವನಿಗೆ ಮಾತ್ರ. ಈ ಉಪಾಧಿಯನ್ನು ಪಠ್ಯಪುಸ್ತಕಗಳು ಮೌನವಾಗಿ ನುಂಗಿವೆ.

ನಮ್ಮ ಒಕ್ಕಲಿಗನಿಗೆ ಹಂಚುವ ವಿದ್ಯೆ ತಿಳಿದಿರಲಿಲ್ಲವೆಂದು ಯಾರೂ ಭಾವಿಸಬಾರದು. ಒಂದು ವರ್ಷ ಹತ್ತಿ, ಮರುವರ್ಷ ಜೋಳ. ಹೊಲದಲ್ಲಿ ಅಕ್ಕಡಿಯ ಸಾಲು. ಹಗೇವಿನಲ್ಲಿ ಮುಂದಿನ ಕಾಲಕ್ಕೆ ಕಾಳು. ಮಾರ್ಕೊವಿಟ್ಜನು ಹುಟ್ಟುವ ಮೊದಲೇ ಎರೆಯ ನಾಡು ಈ ಲೆಕ್ಕವನ್ನು ಕಲಿತಿತ್ತು. ಹತ್ತಿಯ ಬೆಲೆ ಏರಿದ ವರ್ಷಗಳಲ್ಲಿ ಈ ವಿದ್ಯೆಯೇ ಸಡಿಲವಾಯಿತು. ಜೋಳದ ನೆಲವನ್ನು ಹತ್ತಿ ಹಿಡಿಯಿತು. ಮುಂಬಯಿ ಪ್ರಾಂತದಲ್ಲೆಲ್ಲ ಕಾಳಿನ ಬೆಲೆಯೂ ಏರಿತು. ಹತ್ತಿಯಿಂದ ಬಂದ ರೂಪಾಯಿಯಲ್ಲಿ ಒಂದು ಪಾಲು ಜೋಳ ಕೊಳ್ಳುವುದಕ್ಕೇ ಹೋಗುವಾಗ, ಆ ರೂಪಾಯಿಯ ನಿಜವಾದ ಬೆಲೆಯನ್ನು ಲಿವರ್‌ಪೂಲಿನ ಪೆನ್ಸುಗಳಿಂದ ಅಳೆಯುವುದು ತಪ್ಪು. ಹತ್ತಿಯ ನಾಡಿನ ರೈತನು ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಕಟ್ಟಿಸಿದನೆಂಬ ಕಥೆಯನ್ನು ಇತಿಹಾಸಕಾರರು ಒಬ್ಬರಿಂದೊಬ್ಬರು ನಕಲು ಮಾಡುತ್ತ ಬಂದಿದ್ದಾರೆ. ಬೆಳ್ಳಿಯ ಗಾಲಿಯು ಎರೆಯ ಕೆಸರಿನಲ್ಲಿ ಎಷ್ಟು ದೂರ ಹೋದೀತೆಂದು ಚಕ್ಕಡಿ ಹೂಡಿದವರನ್ನು ಕೇಳಬೇಕಾಗಿತ್ತು.

ಸರಕಿನ ಗುಣವನ್ನು ಕುರಿತ ಅನಿಶ್ಚಿತತೆಯು ಇನ್ನೊಂದು. ಬೆಲೆ ಏರಿದೊಡನೆ ಹತ್ತಿಯಲ್ಲಿ ಕಾಳು, ಮಣ್ಣು, ನೀರು ಬೆರೆಸುವ ಮೋಸವು ಹೆಚ್ಚಿತು. ಲ್ಯಾಂಕಶೈರಿನಲ್ಲಿ ಸುರತಿ ಎಂಬ ಶಬ್ದವೇ ಕೆಟ್ಟ ಸರಕಿಗೆ ಪರ್ಯಾಯವಾಯಿತು. ಇದನ್ನು ತಡೆಯಲು ಮುಂಬಯಿ ಸರ್ಕಾರವು 1863ರಲ್ಲಿ ಹತ್ತಿಯ ಮೋಸದ ಕಾಯಿದೆಯನ್ನು ಮಾಡಿತು. ಅಂಡಿಗೆಯ ಒಳಗೇನಿದೆಯೆಂದು ಕೊಳ್ಳುವವನಿಗೆ ತಿಳಿಯದಿದ್ದಾಗ ಅವನು ಎಲ್ಲ ಅಂಡಿಗೆಗಳಿಗೂ ಮೋಸದ ಬೆಲೆಯನ್ನೇ ಕೊಡುತ್ತಾನೆ. ಆಗ ಶುದ್ಧ ಹತ್ತಿಯನ್ನು ತಂದವನು ಮೋಸಗಾರನ ದಂಡವನ್ನು ತೆರುತ್ತಾನೆ. 1970ರಲ್ಲಿ ಅಕರ್ಲಾಫನು ಹಳೆಯ ಮೋಟಾರುಗಳ ದೃಷ್ಟಾಂತದಿಂದ ಸ್ಥಾಪಿಸಿದ ತತ್ತ್ವವು ಇದೇ. ಇಲ್ಲಿಯೂ ಗಂಡಾಂತರಕ್ಕೆ ಕಾರಣನಾದವನು ಬೇರೆ, ಅದರ ವೆಚ್ಚವನ್ನು ತೆತ್ತವನು ಬೇರೆ.

ಬೆಲೆಯ ಏರಿಕೆಯನ್ನು ಸುಗ್ಗಿಯೆಂದು ಕರೆಯುವವರು ಮಗ್ಗದ ಕಡೆಗೆ ನೋಡುವುದಿಲ್ಲ. ರಾಮದುರ್ಗವು ನೇಕಾರರ ಊರು. ಹತ್ತಿಯು ತುಟ್ಟಿಯಾದರೆ ನೂಲು ತುಟ್ಟಿ. ನೂಲು ತುಟ್ಟಿಯಾದರೆ ಸೀರೆ ಕೊಳ್ಳುವವರು ಕಡಿಮೆ. ಆ ವರ್ಷಗಳಲ್ಲಿ ಹಿಂದುಸ್ಥಾನದ ಕೈಮಗ್ಗದವರು ಪಟ್ಟ ಪಾಡು ಸುಪ್ರಸಿದ್ಧವಾಗಿದೆ. ಹೀಗೆ ಒಂದು ಬೇಲಿಯಾಚೆಗೆ ಬೀಟಾ ಧನವಾಗಿದ್ದರೆ ಈಚೆಗೆ ಋಣವಾಗಿತ್ತು. ಒಕ್ಕಲಿಗನೂ ನೇಕಾರನೂ ಕೂಡಿ ಒಂದೇ ಖಾತೆಯಿಟ್ಟಿದ್ದರೆ ಒಬ್ಬನ ಲಾಭವು ಇನ್ನೊಬ್ಬನ ನಷ್ಟವನ್ನು ತುಂಬುತ್ತಿತ್ತೆಂದು ಶಾಸ್ತ್ರವು ಹೇಳೀತು. ಅಂಥ ಖಾತೆಯನ್ನು ಇಟ್ಟವನು ಒಬ್ಬನೇ, ಅವನು ಇಬ್ಬರಿಗೂ ಸಾಲ ಕೊಟ್ಟ ಸಾವಕಾರ.

ಇನ್ನೊಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಮುಂಬಯಿಯಲ್ಲಿ ಶೇರು ಹೇಗೋ ಹಾಗೆ ನಮ್ಮ ಸೀಮೆಯಲ್ಲಿ ಭೂಮಿಯೇ ಆಸ್ತಿ. ಮುಂಬಯಿ ಪ್ರಾಂತದ ಸರ್ವೆ ಪದ್ಧತಿಯಲ್ಲಿ ಕಂದಾಯವನ್ನು 30 ವರ್ಷಗಳಿಗೆ ರೊಕ್ಕದ ಲೆಕ್ಕದಲ್ಲಿ ನಿಗದಿ ಮಾಡುತ್ತಿದ್ದರು. ಭೂಮಿಯನ್ನು ಮಾರುವ, ಒತ್ತೆಯಿಡುವ ಹಕ್ಕು ಹಿಡುವಳಿದಾರನಿಗಿತ್ತು. ಸಂಸ್ಥಾನವಾದ ರಾಮದುರ್ಗದಲ್ಲಿ ಕಂದಾಯವು ಸಂಸ್ಥಾನಿಕರ ಕೈಯಲ್ಲಿದ್ದುದರಿಂದ ಅಲ್ಲಿಯ ಮಾತು ಬೇರೆ. ನಿಗದಿಯಾದ ಕಂದಾಯವು ಭೂಮಿಯ ಮೇಲೆ ಸ್ಥಿರವಾದ ಸಾಲದಂತೆ ಕೂಡುತ್ತದೆ. ಹತ್ತಿಯ ಬೆಲೆಯು ಇಮ್ಮಡಿಯಾದರೆ, ಕಂದಾಯ ಕಳೆದು ಉಳಿಯುವ ಭಾಗವು ಇಮ್ಮಡಿಗಿಂತ ಹೆಚ್ಚಾಗುತ್ತದೆ. ಬೆಲೆಯು ಅರ್ಧಕ್ಕಿಳಿದರೆ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಸಾಲದ ಹಣದಿಂದ ಶೇರು ಕೊಂಡ ಮುಂಬಯಿಯವನ ಸ್ಥಿತಿಯೂ ಇದೇ ಆಗಿತ್ತು. ವ್ಯತ್ಯಾಸವೆಂದರೆ ಅವನು ತಾನಾಗಿ ಸಾಲ ಮಾಡಿದ್ದನು.

ಹತ್ತಿಯು ಶೇರಿನಂತೆ ಪಾತಾಳಕ್ಕೆ ಇಳಿಯಲಿಲ್ಲವೆಂಬುದನ್ನು ಸಹ ಹೇಳಬೇಕು. 1867ರಲ್ಲಿ ಅಮೆರಿಕದ ಹತ್ತಿಯ ಬೆಲೆಯು ಸುಮಾರು 11 ಪೆನ್ಸ್ ಇತ್ತು. ಎಂದರೆ 1864ರ ಬೆಲೆಯಲ್ಲಿ ಐದನೆಯ ಮೂರು ಪಾಲು ಹೋಗಿತ್ತು. ಮುಂಬಯಿ ಬ್ಯಾಂಕಿನ ಶೇರಿನಲ್ಲಿ ನೂರಕ್ಕೆ 97 ಹೋಗಿತ್ತು. ಹತ್ತಿಗೆ ಉಪಯೋಗವಿದೆ, ಬಟ್ಟೆ ಉಡುವವರು ಇರುವವರೆಗೆ ಅದಕ್ಕೊಂದು ತಳವಿದೆ. ಯುದ್ಧವು ಮುಗಿಯದೆಂಬ ನಂಬಿಕೆಯ ಮೇಲೆ ನಿಂತ ಶೇರಿಗೆ ಅಂಥ ತಳವಿರಲಿಲ್ಲ. ಒಕ್ಕಲಿಗನಿಗೆ ಬೆಲೆಯ ಇಳಿಕೆಗಿಂತ ಹೆಚ್ಚು ಹಾನಿ ಮಾಡಿದುದು ಸಾಲದ ಸಂಕೋಚ. ಏರಿಕೆಯ ಕಾಲದಲ್ಲಿ ಮುಂಬಯಿಯಿಂದ ಸಾವಕಾರನಿಗೆ, ಸಾವಕಾರನಿಂದ ಹಳ್ಳಿಗೆ ಹರಿದ ಮುಂಗಡವು 1865ರ ಬಳಿಕ ಅದೇ ದಾರಿಯಲ್ಲಿ ಹಿಂದಕ್ಕೆ ಹರಿಯತೊಡಗಿತು. ಇದರ ಉಗ್ರ ಪರಿಣಾಮವು 1875ರಲ್ಲಿ ಪುಣೆ, ಅಹಮ್ಮದನಗರಗಳ ಹಳ್ಳಿಗಳಲ್ಲಿ ದಂಗೆಯಾಗಿ ಸ್ಫೋಟಿಸಿತು. ಮರುವರ್ಷ ಆರಂಭವಾಗಿ 1878ರ ವರೆಗೆ ನಡೆದ ಮಹಾಕ್ಷಾಮವು ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಕಾಡಿತು.

ಇಷ್ಟರಲ್ಲಿ ಸರ್ಕಾರವು ತನ್ನದೇ ರೀತಿಯಲ್ಲಿ ಭೂಮಿಗೆ ಬೆಲೆ ಕಟ್ಟಿತು. ಮೊದಲ ಸರ್ವೆಯ ಅವಧಿಯು ಮುಗಿದ ತಾಲೂಕುಗಳಲ್ಲಿ ಕಂದಾಯವನ್ನು ಪುನಃ ನಿಗದಿ ಮಾಡುವ ಕಾರ್ಯವು 1867ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಿಂದ ಆರಂಭವಾಯಿತು. ಬೆಲೆಗಳು ಏರಿವೆ, ಭೂಮಿಯ ಬೆಲೆಯೂ ಏರಿದೆ, ಆದುದರಿಂದ ಕಂದಾಯವೂ ಏರಬೇಕೆಂಬುದು ಅಧಿಕಾರಿಗಳ ತರ್ಕ. ಯುದ್ಧದ ಅನಿಶ್ಚಿತತೆಯಿಂದ ನಾಲ್ಕೈದು ವರ್ಷಗಳ ಮಟ್ಟಿಗೆ ಹುಟ್ಟಿದ ಬೆಲೆಯನ್ನು 30 ವರ್ಷಗಳ ಆದಾಯವೆಂದು ತಿಳಿದುದರಲ್ಲಿ ಸರ್ವೆ ಅಧಿಕಾರಿಗೂ ಬ್ಯಾಕ್‌ಬೇ ಶೇರು ಕೊಂಡವನಿಗೂ ಭೇದವಿಲ್ಲ. ಶೇರು ಕೊಂಡವನು ತನ್ನ ತಪ್ಪಿಗೆ ತಾನೇ ದಂಡ ತೆತ್ತನು. ಅಧಿಕಾರಿಯ ತಪ್ಪಿಗೆ ಹಿಡುವಳಿದಾರನು ತೆತ್ತನು. ಬೆಲೆಯನ್ನು ತಪ್ಪಾಗಿ ಕಟ್ಟುವವನೂ ಅದರ ಫಲವನ್ನು ಉಣ್ಣುವವನೂ ಒಬ್ಬನೇ ಎಂಬ ಊಹೆಯ ಮೇಲೆ ನಿಂತ ಶಾಸ್ತ್ರದಲ್ಲಿ ಇಂಥವರಿಗೆ ಎಡೆಯಿಲ್ಲ.

ಮುಂಬಯಿ ಬ್ಯಾಂಕಿನ ಪತನವನ್ನು ವಿಚಾರಿಸಲು ಸರ್ ಚಾರ್ಲ್ಸ್ ಜ್ಯಾಕ್ಸನರ ಅಧ್ಯಕ್ಷತೆಯಲ್ಲಿ 1868ರಲ್ಲಿ ಆಯೋಗವೊಂದು ನೇಮಕವಾಯಿತು. ಯಾರು ಯಾವ ಜಾಮೀನಿನ ಮೇಲೆ ಎಷ್ಟು ಸಾಲ ಪಡೆದರೆಂಬುದನ್ನು ಅದು ಶೋಧಿಸಿ ಬರೆದಿಟ್ಟಿದೆ. ಶೇರುದಾರರ ಗಂಡಾಂತರದ ಇತಿಹಾಸವನ್ನು ಬರೆಯುವವರಿಗೆ ಆಧಾರದ ಕೊರತೆಯಿಲ್ಲ. ಹತ್ತಿಯ ನಾಡಿನ ಗಂಡಾಂತರಕ್ಕೆ ಅಂಥ ಆಯೋಗವಿರಲಿಲ್ಲ. ಆದರೆ ಒಂದು ಆಧಾರವು ಅದೇ ಕಾಲದಲ್ಲಿ ತಾನಾಗಿ ಹುಟ್ಟಿದೆ. ದಸ್ತೈವಜುಗಳ ನೋಂದಣಿಯನ್ನು ಕುರಿತು 1864ರಲ್ಲಿ ಒಂದು ಕಾಯಿದೆಯೂ 1866ರಲ್ಲಿ ಮತ್ತೊಂದೂ ಜಾರಿಗೆ ಬಂದವು. ಬೆಲೆಯು ಶಿಖರದಲ್ಲಿದ್ದಾಗಿನಿಂದ ಅದು ಇಳಿದ ವರ್ಷಗಳ ವರೆಗೆ ಭೂಮಿಯ ಕ್ರಯಪತ್ರ, ಒತ್ತೆಪತ್ರಗಳು ಬರೆದ ತಾರೀಖು, ಮೊಬಲಗು, ಸರ್ವೆ ನಂಬರು ಸಹಿತ ದಾಖಲಾಗತೊಡಗಿದುದು ಇದರಿಂದ. ಸಂಪಗಾವಿ ಮತ್ತು ಪರಸಗಡ ತಾಲೂಕುಗಳ ಅಂಥ ದಾಖಲೆಗಳನ್ನು ಹುಡುಕಿ, ವರ್ಷವರ್ಷಕ್ಕೆ ಎಕರೆಯೊಂದರ ಬೆಲೆಯನ್ನು ತೆಗೆದು, ಮುಂಬಯಿಯ ಶೇರುಗಳ ಬೆಲೆಯ ಪಕ್ಕದಲ್ಲಿಟ್ಟು ನೋಡುವ ಕೆಲಸವು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಯೋಗ್ಯವಾದುದು. ಒತ್ತೆಯಿಟ್ಟವನು ಯಾವ ತಿಂಗಳಲ್ಲಿ ಇಟ್ಟನು, ಹತ್ತಿ ಬಿಡಿಸುವ ಮೊದಲೋ ಅನಂತರವೋ, ಪುನಃ ಬಿಡಿಸಿಕೊಂಡನೋ ಇಲ್ಲವೋ ಎಂಬುದನ್ನು ಅವು ಹೇಳಬಲ್ಲವು.